ಹಾಲಿನ ಲಾರಿ ಕೇಸು ಮತ್ತು ವರ್ಲೀನ್ ಟಿಪ್ಟನ್

ವರ್ಲೀನ್ ಟಿಪ್ಟನ್ ಮೊದಲ ಸಲ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದಾಗ ಯಾರೋ ಜಗಳಕ್ಕೆ ಬಂದವಳು ಅಂದುಕೊಂಡಿದ್ದೆ. ಕೈಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಿದ್ದಳು. ಮೊದಲು ಕೆಳಗಡೆ ಜಮೀನಿನ ದಾಖಲೆಯ ಕಚೇರಿಗೆ ಹೋಗಿ, ಅಲ್ಲಿಂದ ತೆರಿಗೆಯವರ ಹತ್ತಿರ ಹೋಗಿ, ಅವರು ಇನ್ನೆಲ್ಲಿಗೋ ಕಳಿಸಿ, ಕೊನೆಗೆ ಏದುಸಿರು ಬಿಡುತ್ತ ನನ್ನ ಕೌಂಟರಿನ ಮುಂದೆ ನಿಂತಿದ್ದಳು.

"ಈ ಕೌಂಟಿಲಿ ಜನರ ಅಪರಾಧಗಳನ್ನ ಎಲ್ಲಿ ಇಟ್ಟಿದೀರಮ್ಮ?" ಅಂದಳು.

"ಯಾರ ಅಪರಾಧ?"

"ಯಾರದ್ದಾದ್ರೂ. ನಂಗೇನು ಅವರು ನೆಂಟರಾ?"

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಆಮೇಲೆ ನಕ್ಕಳು.

ನನ್ನ ಹೆಸರು ಇಮೋಜೀನ್. ಟೆನೆಸಿಯ ಬೆಟ್ಟದ ಸೀಮೆಯಲ್ಲಿರುವ ನಮ್ಮ ಪ್ರೂಯಿಟ್ ಕೌಂಟಿ ಅನ್ನುವ ಸಣ್ಣ ಜಿಲ್ಲೆಯ ಕೋರ್ಟಿನಲ್ಲಿ ಗುಮಾಸ್ತೆಯಾಗಿ ಕೂದಲು ಬೆಳ್ಳಗೆ ಮಾಡಿಕೊಂಡವಳು. ಇಲ್ಲಿ ಹೇಳುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡಿದ್ದು, ಇನ್ನರ್ಧ ವರ್ಲೀನ್ ಬಾಯಿಂದ ಕೇಳಿದ್ದು.

ಅವಳು ಮದುವೆಯಾದಾಗಿನಿಂದ ಊರಾಚೆಯ ಅಂಗಿ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಗಂಡ ಎಸ್ಟಲ್ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ. ಒಂದು ಚಳಿಗಾಲ ಎಸ್ಟಲ್ ಎದೆನೋವು ಅಂತ ಮಲಗಿದವನು ಏಳಲಿಲ್ಲ. ಅದರ ಮುಂದಿನ ವರ್ಷ ಫ್ಯಾಕ್ಟರಿ ಬಾಗಿಲು ಹಾಕಿತು. ಮಕ್ಕಳಿರಲಿಲ್ಲ. ಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದವಳಿಗೆ ನ್ಯಾಶ್‌ವಿಲ್‌ನಲ್ಲಿದ್ದ ಅಕ್ಕನ ಮಗಳು ಟ್ರೀವಾ ಈ ಕೆಲಸದ ವಿಷಯ ಹೇಳಿದಳು. ಕಂಪನಿಗಳವರು ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ, ಮನೆ ಮಾಲೀಕರು ಬಾಡಿಗೆಗೆ ಕೊಡುವ ಮುಂಚೆ, ಆ ಮನುಷ್ಯನ ಮೇಲೆ ಕೇಸುಗಳಿವೆಯಾ ಅಂತ ವಿಚಾರಿಸುತ್ತಾರೆ. ದೊಡ್ಡ ಊರುಗಳದ್ದೆಲ್ಲ ಕೂತಲ್ಲಿಂದಲೇ ಕಂಪ್ಯೂಟರಿನಲ್ಲಿ ಸಿಗುತ್ತದೆ. ನಮ್ಮಂಥ ಕೌಂಟಿಗಳಿಗೆ ಯಾರಾದರೂ ಕಾಲಲ್ಲಿ ನಡೆದು ಹೋಗಿ, ಕಣ್ಣಲ್ಲಿ ನೋಡಿ ಹೇಳಬೇಕು.

"ಕಣ್ಣು ಚೆನ್ನಾಗಿದ್ರೆ ಸಾಕು ಚಿಕ್ಕಮ್ಮ ಅಂದ್ಲು," ಅಂತ ವರ್ಲೀನ್ ನನಗೆ ಹೇಳಿದಳು. "ಕಾಲರ್ ಹೊಲಿದೂ ಹೊಲಿದೂ ಇರೋ ಕಣ್ಣೂ ಹೋಗಿದೆ ಅಂತ ನಾನು ಬಾಯಿ ಬಿಡಲಿಲ್ಲ."

ಕನ್ನಡಕ ಹಾಕಿಸಿಕೊಂಡಳು. ವಾರಕ್ಕೆರಡು ಸಲ ಬರುತ್ತಿದ್ದವಳು ಆಮೇಲಾಮೇಲೆ ದಿನಾ ಬರತೊಡಗಿದಳು. ಮೂಲೆಯಲ್ಲಿ ಜನರಿಗಾಗಿ ಇಟ್ಟಿದ್ದ ಕಂಪ್ಯೂಟರಿನಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ ಹಾಕಬೇಕು ಅನ್ನುವಲ್ಲಿಂದ ಶುರುವಾಯಿತು ಅವಳ ಪಾಠ. ದೊಡ್ಡ ಅಪರಾಧಗಳದ್ದು ಒಂದು ಕೋರ್ಟು, ಕುಡಿದು ಗಾಡಿ ಓಡಿಸಿದ್ದು, ಅಂಗಡಿಯಲ್ಲಿ ಸಾಮಾನು ಎತ್ತಿದ್ದು ಇಂಥವಕ್ಕೆ ಇನ್ನೊಂದು ಕೋರ್ಟು. ಎರಡನ್ನೂ ನೋಡದೆ 'ಏನೂ ಇಲ್ಲ' ಅನ್ನಬಾರದು. ಕಂಪ್ಯೂಟರ್ ಬರುವುದಕ್ಕಿಂತ ಹಿಂದಿನದು ಒಳಕೋಣೆಯ ದಪ್ಪ ಪುಸ್ತಕಗಳಲ್ಲಿದೆ. ಆ ಪುಸ್ತಕದಲ್ಲಿ ನಂಬರು ಸಿಕ್ಕರೆ ಮಾತ್ರ ಕಪಾಟಿನಿಂದ ಕಡತ ತೆಗೆಸಬಹುದು. ಹೆಂಗಸರಾದರೆ ಮದುವೆಗೆ ಮುಂಚಿನ ಹೆಸರಿನಲ್ಲೂ ನೋಡಬೇಕು. ಆ ಮನುಷ್ಯ ಬೇರೆ ಕೌಂಟಿಯಲ್ಲಿ ವಾಸ ಮಾಡಿದ್ದರೆ ಅಲ್ಲಿಗೂ ಹೋಗಬೇಕು, ಯಾಕೆಂದರೆ ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಇಷ್ಟನ್ನು ನಾನು ಹೇಳಿಕೊಟ್ಟೆ. ಮಿಕ್ಕಿದ್ದನ್ನು ಅವಳೇ ಕಲಿತಳು. ಕಡತ ಕೈಗೆ ಬಂದ ಕೂಡಲೇ ಮೊದಲ ಹಾಳೆ ಓದುತ್ತಿರಲಿಲ್ಲ, ಕೊನೆಯ ಹಾಳೆ ತಿರುವುತ್ತಿದ್ದಳು.

"ಮೊದಲ ಹಾಳೆಲಿ ಎಲ್ರೂ ಕಳ್ಳರೇ ಕಣೇ ಇಮೋಜೀನ್. ಪೊಲೀಸಿನೋರು ಬರೆದಿರೋದು. ಜಡ್ಜು ಏನಂದ ಅನ್ನೋದು ಕೊನೇಲಿ ಇರುತ್ತೆ. ಅಂಗಿನೂ ಅಷ್ಟೆ, ಮೊದಲು ಒಳಮೈ ತಿರುಗಿಸಿ ನೋಡ್ಬೇಕು."

ಹೆಸರು ಕೂಡಿತು ಅಂತ ಒಪ್ಪುತ್ತಿರಲಿಲ್ಲ. ಹುಟ್ಟಿದ ತಾರೀಕು ಕೂಡಬೇಕು, ಅದರ ಮೇಲೆ ಇನ್ನೊಂದೇನಾದರೂ ಕೂಡಬೇಕು. "ಹೆಸರು ಅನ್ನೋದು ಅಂಗಡಿ ಬೋರ್ಡು ಇದ್ದ ಹಾಗೆ. ಒಳಗೆ ಯಾರು ಕೂತಿದಾರೆ ಅಂತ ಇಣುಕಿ ನೋಡ್ಬೇಡ್ವಾ?" ಅನ್ನುತ್ತಿದ್ದಳು.

ಊರಿನ ಅರ್ಧ ಜನರ ಹಳೆಯ ಕೊಳೆ ಅವಳಿಗೆ ಗೊತ್ತಿತ್ತು. ಒಂದು ಮಾತು ಹೊರಗೆ ಬಿದ್ದದ್ದಿಲ್ಲ. ಒಮ್ಮೆ ಚರ್ಚಿನ ಊಟದಲ್ಲಿ ಮರ್ಟಿಸ್ ಎಂಬಾಕೆ ಆಲೂಗಡ್ಡೆಯ ಬಟ್ಟಲು ದಾಟಿಸುವ ನೆಪದಲ್ಲಿ ಹತ್ತಿರ ಬಂದು, ಮಗಳನ್ನು ಕೇಳುತ್ತಿರುವ ಹುಡುಗನ ಮೇಲೆ ಏನಾದರೂ ಇದೆಯಾ ಅಂತ ಪಿಸುಗುಟ್ಟಿದಳು.

"ಕೋರ್ಟಿನ ಬಾಗಿಲು ಎಲ್ರಿಗೂ ತೆಗೆದಿರುತ್ತೆ ಮರ್ಟಿಸ್. ನಿಂಗೂ ಎರಡು ಕಣ್ಣಿದೆ. ಸೋಮವಾರ ಬಾ, ಹೇಗೆ ನೋಡೋದು ಅಂತ ಹೇಳಿಕೊಡ್ತೀನಿ. ಏನಿದೆ ಅಂತ ಮಾತ್ರ ಹೇಳಲ್ಲ."

ಮರ್ಟಿಸ್ ನಿಜವಾಗಿ ಬಂದಳು. ವರ್ಲೀನ್ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದಳು. ಹುಡುಗನ ಹೆಸರಿನಲ್ಲಿ ಲೈಸೆನ್ಸ್ ಇಲ್ಲದೆ ಮೀನು ಹಿಡಿದದ್ದು ಬಿಟ್ಟರೆ ಏನೂ ಇರಲಿಲ್ಲ. ಈಗ ಮರ್ಟಿಸ್‌ಗೆ ಮೊಮ್ಮಕ್ಕಳಿದ್ದಾರೆ.

ಇನ್ನು ಡಾರ್ಸಿ ಗೋಫೋರ್ತ್ ವಿಷಯಕ್ಕೆ ಬರುತ್ತೇನೆ.

ಅದು ಬೆಟ್ಟದ ಎಲೆಗಳು ಕೆಂಪಾಗುವ ಕಾಲ. ಐವತ್ತು ದಾಟಿದ, ಎತ್ತರದ, ಬೋಳುತಲೆಯ ಒಬ್ಬ ಮನುಷ್ಯ ಟೋಪಿಯನ್ನು ಕೈಯಲ್ಲಿ ಹಿಡಿದು ಕೌಂಟರಿಗೆ ಬಂದ. ಗರಗಸದ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದನಂತೆ, ಬೆನ್ನು ಕೈಕೊಟ್ಟಿತ್ತು. ಊರಿನ ವೃದ್ಧರ ಮನೆಯಲ್ಲಿ ರಿಪೇರಿ ಕೆಲಸಕ್ಕೆ ಅರ್ಜಿ ಹಾಕಿದ್ದ. ಅಲ್ಲಿನ ಮೇಲ್ವಿಚಾರಕಿ ಬಾ ಅಂತ ಹೇಳಿಯೂ ಆಗಿತ್ತು. ಆಮೇಲೆ ಎಲ್ಲಿಂದಲೋ ಒಂದು ವರದಿ ಬಂತು, ಡಾರ್ಸಿ ಗೋಫೋರ್ತ್ ಎಂಬುವನಿಗೆ ಕಳ್ಳತನದ ಕೇಸಿನಲ್ಲಿ ಶಿಕ್ಷೆಯಾಗಿದೆ ಅಂತ.

"ಅದು ನಾನಲ್ಲ ತಾಯಿ," ಅಂದ. ಅಷ್ಟೇ. ಇನ್ನೇನು ಕೇಳಿದರೂ ಟೋಪಿಯ ಅಂಚು ತಿರುಗಿಸುತ್ತ ನಿಂತ.

ಬೆಂಚಿನ ಮೇಲೆ ಕೂತಿದ್ದ ವರ್ಲೀನ್ ಕನ್ನಡಕ ಮೇಲೆತ್ತಿ ನೋಡಿದಳು. "ವರದಿದು ಪ್ರತಿ ಈಸ್ಕೊಂಡ್ಯೇನಪ್ಪ?"

"ಅದನ್ನೆಲ್ಲ ಕೊಡ್ತಾರಾ?"

"ಕೊಡ್ದೆ ಏನ್ ಮಾಡ್ತಾರೆ? ಅದು ನಿನ್ನ ಹಕ್ಕು. ನೀನೇ ಹೋಗಿ ಕೇಳು. ಜೋರು ಮಾಡ್ಬೇಡ, ಆ ಹೆಂಗಸಿನದೇನೂ ತಪ್ಪಿಲ್ಲ. ಈಸ್ಕೊಂಡು ಇಲ್ಲಿಗೇ ಬಾ."

ವರದಿ ಬಂತು. ವರ್ಲೀನ್ ಕಳಿಸಿದ್ದಲ್ಲ, ಯಾವುದೋ ದೂರದ ಕಂಪನಿ ಹೆಸರುಗಳನ್ನು ರಾಶಿ ಹಾಕಿಟ್ಟುಕೊಂಡು ಮಾರಿದ್ದು. ಹೆಸರು ಕೂಡುತ್ತಿತ್ತು, ಹುಟ್ಟಿದ ವರ್ಷವೂ ಕೂಡುತ್ತಿತ್ತು. ವರ್ಲೀನ್ ಒಳಕೋಣೆಗೆ ಹೋಗಿ ಪುಸ್ತಕ ಎಳೆದಳು, ನಂಬರು ಸಿಕ್ಕಿತು, ನಾನು ಕಡತ ತಂದುಕೊಟ್ಟೆ. ಕೊನೆಯ ಹಾಳೆ ಚೆನ್ನಾಗಿಯೇ ಇತ್ತು. ಡೈರಿಯ ಹಾಲಿನ ಲಾರಿಯನ್ನು ಕದ್ದಿದ್ದಕ್ಕೆ ಕೆಲವು ತಿಂಗಳು ಜೈಲು, ಉಳಿದ ಅವಧಿ ಹೊರಗೆ ನಿಗಾದಲ್ಲಿ. ಆದರೆ ಹುಟ್ಟಿದ ತಾರೀಕು, ಅಪ್ಪನ ಹೆಸರು, ವಿಳಾಸ ಇರಬೇಕಾದ ಮೊದಲ ಹಾಳೆಗಳು ಒಂದಕ್ಕೊಂದು ಅಂಟಿ ಹಪ್ಪಳದಂತಾಗಿದ್ದವು. ಹಿಂದೊಮ್ಮೆ ಆ ಕೋಣೆಯಲ್ಲಿ ನೀರಿನ ಪೈಪು ಒಡೆದಿತ್ತು.

"ಹೋಯ್ತು," ಅಂದೆ ನಾನು.

"ಇರು," ಅಂದಳು ವರ್ಲೀನ್.

ಕೆಳಗಡೆ ಜಮೀನಿನ ಕಚೇರಿಗೆ ಹೋದಳು. ಮಧ್ಯಾಹ್ನ ಮೆಟ್ಟಿಲು ಹತ್ತುತ್ತಲೇ ನಗುವುದು ಕೇಳಿಸಿತು. ಗೋಫೋರ್ತ್ ಮನೆತನದ ಅಜ್ಜ ಸತ್ತಾಗ ಬೆಟ್ಟದ ಜಮೀನು ಪಾಲಾಗಿತ್ತು. ಆ ಪತ್ರದಲ್ಲಿ ಮೊಮ್ಮಕ್ಕಳ ಸಾಲಿನಲ್ಲಿ ಹೋಬರ್ಟನ ಮಗ ಡಾರ್ಸಿ, ಕ್ಲೈಡನ ಮಗ ಡಾರ್ಸಿ ಅಂತ ಇಬ್ಬರಿದ್ದರು. ಅಜ್ಜನ ಹೆಸರೂ ಡಾರ್ಸಿ. ಅಣ್ಣತಮ್ಮಂದಿರಿಬ್ಬರೂ ತಂತಮ್ಮ ಮಗನಿಗೆ ಅಪ್ಪನ ಹೆಸರಿಟ್ಟಿದ್ದರು, ಒಂದೇ ವರ್ಷ.

ಮಾರನೆಯ ದಿನ ಆ ಬೋಳುತಲೆಯವನನ್ನು ವರ್ಲೀನ್ ಎದುರಿಗೆ ಕೂರಿಸಿಕೊಂಡಳು.

"ನೀನು ಹೋಬರ್ಟನ ಡಾರ್ಸಿ."

"ಹೌದು."

"ಲಾರಿ ಎತ್ತಿದ್ದು ಕ್ಲೈಡನ ಡಾರ್ಸಿ. ನಿಂಗೆ ಮೊದಲಿಂದ ಗೊತ್ತಿತ್ತು."

ಅವನು ಟೋಪಿಯನ್ನು ಮೊಣಕಾಲ ಮೇಲಿಟ್ಟ. "ಗೊತ್ತಿತ್ತಮ್ಮ. ಅವನು ಮದುವೆನೂ ಆಗದೆ ಗುಡ್ಡದ ಆಚೆ ತನ್ನ ಪಾಡಿಗೆ ತಾನಿದಾನೆ. ಹಳೇ ಹುಣ್ಣು ನಾನ್ಯಾಕೆ ಕೆರೀಲಿ? ಎಷ್ಟಾದ್ರೂ ಚಿಕ್ಕಪ್ಪನ ಮಗ."

"ಮಾತಾಡ್ತೀರಾ ನೀವಿಬ್ರೂ?"

"ಇಲ್ಲ. ಆಗ ನಮ್ಮಮ್ಮ ಅವರಮ್ಮನಿಗೆ ಚರ್ಚಿನ ಬಾಗಿಲಲ್ಲೇ ಅಂದುಬಿಟ್ಲು, ನಿನ್ನ ಮಗ ನನ್ನ ಮಗನ ಹೆಸರು ಕೆಡಿಸ್ದ ಅಂತ. ಅಲ್ಲಿಂದ ಮುರಿದುಬಿತ್ತು. ಅಮ್ಮಂದಿರು ಹೋದ್ರು. ನಾವು ಹಾಗೇ ಉಳ್ಕೊಂಡ್ವಿ. ಬಿಡಿ, ಕೆಲಸ ಇನ್ನೊಂದು ಸಿಗುತ್ತೆ."

"ಅಯ್ಯೋ ಪುಣ್ಯಾತ್ಮ, ಇನ್ನೊಂದು ಕಡೆ ಹೋದ್ರೂ ಇದೇ ಹೆಸರು, ಇದೇ ವರದಿ. ಎಷ್ಟು ಸಲ ಟೋಪಿ ತಿರುಗಿಸ್ತೀಯ? ಆ ಕಾಗದ ಅಂತೂ ಬಾಯಿ ಬಿಡಲ್ಲ. ಬಿಡಬೇಕಾದ್ರೆ ಅವನೇ ಬಿಡಬೇಕು. ನಾನು ಹೋಗಿ ಕೇಳ್ತೀನಿ. ಬೇಡ ಅಂದ್ರೆ ವಾಪಸ್ ಬರ್ತೀನಿ, ಅಷ್ಟೇ ತಾನೆ?"

ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ವರ್ಲೀನ್ ಅದನ್ನು ಹೂಂ ಅಂತ ಲೆಕ್ಕ ಹಿಡಿದು ತನ್ನ ಹಳೇ ಕಾರನ್ನು ಗುಡ್ಡ ಹತ್ತಿಸಿದಳು.

ಕ್ಲೈಡನ ಡಾರ್ಸಿ ಸಿಕ್ಕಿದ್ದು ಕೊಪ್ಪರಿಗೆಯ ಮುಂದೆ. ಅವನು ಸಿಹಿಜೋಳ ಬೆಳೆದು, ಆ ದಂಟನ್ನು ಹೇಸರಗತ್ತೆ ತಿರುಗಿಸುವ ಗಾಣದಲ್ಲಿ ಹಿಂಡಿ, ರಸ ಕಾಯಿಸಿ ಜೋನಿಬೆಲ್ಲ ಮಾಡುತ್ತಿದ್ದ. ನಮ್ಮ ಕಡೆ ಬೆಳಿಗ್ಗೆ ತಿನ್ನುವ, ಬಿಸ್ಕತ್ತು ಅಂತ ಕರೆಯುವ ಮೆತ್ತನೆಯ ಬನ್ನಿಗೆ ಬೆಣ್ಣೆಯ ಜೊತೆ ಹಾಕಿಕೊಳ್ಳುವುದು ಅದನ್ನೇ. ಗಿಡ್ಡಗೆ, ಗುಂಡಗೆ ಇದ್ದ. ಹೊಗೆಗೆ ಕಣ್ಣು ಕೆಂಪಾಗಿತ್ತು.

ವರ್ಲೀನ್ ಬಂದ ವಿಷಯ ಹೇಳಿದಳು. ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುವುದಿಲ್ಲ. ಅವನು ನೊರೆ ತೆಗೆಯುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದ.

"ನಾನು ಮಾಡಿದ್ದಕ್ಕೆ ಅವನ ಕೆಲಸ ಹೋಯ್ತಾ?"

"ಹೋಗಿಲ್ಲ, ನಿಂತಿದೆ. ನೀನು ಬಂದು ಒಂದು ಮಾತು ಹೇಳಿದ್ರೆ ಸಿಗುತ್ತೆ."

"ನನ್ನ ಹೆಸರು ಹೇಳಿ ಅಂತ ಅವನೇ ಕಳಿಸಿದ್ನಾ?"

"ಅವನು ನಿನ್ನ ಹೆಸರೇ ಎತ್ತಲಿಲ್ಲ. ಕೆಲಸ ಹೋದ್ರೂ ಹೋಗ್ಲಿ ಅಂತ ಬಾಯಿ ಮುಚ್ಕೊಂಡು ಕೂತಿದ್ದ. ನಾನೇ ಪತ್ತೆ ಮಾಡಿದ್ದು."

ಡಾರ್ಸಿ ತೋಳಿನಿಂದ ಮುಖ ಒರೆಸಿಕೊಂಡ. ಹೊಗೆ ಅಂದ. "ಬರ್ತೀನಿ. ಆದ್ರೆ ಈಗ ಆಗಲ್ಲ. ಪಾಕ ಬಿಟ್ಟು ಬಂದ್ರೆ ಹೊತ್ತಿಹೋಗುತ್ತೆ."

"ಎಷ್ಟು ಹೊತ್ತು?"

"ಅದು ಅದರಿಷ್ಟ. ಅಗೋ ಅಲ್ಲಿ ಇನ್ನೊಂದು ಜಾಲರಿ ಸೌಟಿದೆ. ಸುಮ್ನೆ ನಿಂತ್ಕೊಂಡು ನನ್ನ ಮುಖ ನೋಡೋ ಬದಲು ಆ ಕಡೆ ನೊರೆ ತೆಗೀರಿ."

ವರ್ಲೀನ್ ಕೋಟು ಬಿಚ್ಚಿ ಬೇಲಿಗೆ ಹಾಕಿ ನೊರೆ ತೆಗೆದಳು. ಮಧ್ಯೆ ಮಧ್ಯೆ ಅವನು ಲಾರಿಯ ಕಥೆ ಹೇಳಿದ. ಇಪ್ಪತ್ತರ ವಯಸ್ಸು, ಹೊಟ್ಟೆಯಲ್ಲಿ ಕಳ್ಳಭಟ್ಟಿ. ಪಕ್ಕದ ಊರಿನಲ್ಲಿ ಕುಣಿತ ಇದೆ ಅಂತ ಕೇಳಿ ಡೈರಿಯ ಅಂಗಳದಲ್ಲಿ ಕೀಲಿ ಬಿಟ್ಟು ನಿಲ್ಲಿಸಿದ್ದ ಲಾರಿ ಹತ್ತಿದ. ತಿರುವಿನಲ್ಲಿ ಲಾರಿ ಹಳ್ಳಕ್ಕೆ ಉರುಳಿತು. ಅವನಿಗೆ ಏನೂ ಆಗಲಿಲ್ಲ. ಹಳ್ಳದ ತುಂಬ ಹಾಲು ಹರಿಯಿತು, ಊರಿನ ಬೆಕ್ಕುಗಳೆಲ್ಲ ದಡಕ್ಕೆ ಬಂದವು. ವರ್ಲೀನ್ ನಕ್ಕು ನಕ್ಕು ಸೌಟನ್ನು ಕೊಪ್ಪರಿಗೆಗೇ ಬೀಳಿಸಿಬಿಟ್ಟಳು.

"ನಗಬಾರದಿತ್ತು ಕಣೇ," ಅಂತ ನನ್ನ ಹತ್ತಿರ ಹೇಳಿದಳು. "ಜೈಲಿಗೆ ಹೋಗಿದ್ದೋನು ಪಾಪ. ಆದ್ರೆ ಅವನೂ ನಗ್ತಾ ಇದ್ದ. ಬಹಳ ವರ್ಷ ಆಗಿತ್ತು ಅನ್ಸುತ್ತೆ, ಆ ಕಥೆ ಹೇಳೋಕೆ ಒಬ್ರು ಸಿಕ್ಕಿ."

ಎರಡು ದಿನ ಬಿಟ್ಟು ಕ್ಲೈಡನ ಡಾರ್ಸಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೋರ್ಟಿಗೆ ಬಂದ. ಹೋಬರ್ಟನ ಡಾರ್ಸಿ ಆಗಲೇ ಬೆಂಚಿನ ಮೇಲಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಾನು ಕಾಗದ ಜೋಡಿಸುವ ನಾಟಕ ಮಾಡುತ್ತಿದ್ದೆ.

"ಬೋಳಾಗಿದ್ದೀಯ," ಅಂದ ಗುಂಡಗಿನವನು.

"ನೀನು ಪೀಪಾಯಿ ಆಗಿದ್ದೀಯ," ಅಂದ ಬೋಳುತಲೆಯವನು.

ಕ್ಲೈಡನ ಡಾರ್ಸಿ ನನ್ನ ಕಡೆ ತಿರುಗಿ, ಇಡೀ ಕಚೇರಿಗೆ ಕೇಳುವಂತೆ, "ಆ ಹಾಲಿನ ಲಾರಿ ನಂದು ಮೇಡಂ," ಅಂದ.

"ಲಾರಿ ನಿನ್ನದಾಗಿದ್ರೆ ಕೇಸೇ ಆಗ್ತಿರಲಿಲ್ಲ ಕಣಯ್ಯ," ಅಂದಳು ವರ್ಲೀನ್. "ಕೇಸು ನಂದು ಅನ್ನು."

ಅವನು ಬಲಗೈ ಎತ್ತಿ ಪ್ರಮಾಣ ಮಾಡಿ ಹೇಳಿಕೆ ಕೊಟ್ಟ: ಶಿಕ್ಷೆಯಾದ ಡಾರ್ಸಿ ನಾನು, ನನ್ನ ಅಪ್ಪ ಕ್ಲೈಡ್, ನಾನು ಹುಟ್ಟಿದ ತಾರೀಕು ಇದು. ನಾನು ಮೊಹರು ಒತ್ತಿದೆ. ಒಂದು ಪ್ರತಿ ವೃದ್ಧರ ಮನೆಗೆ, ಒಂದು ಆ ದೂರದ ಕಂಪನಿಗೆ. ತಪ್ಪು ಅಂತ ಬರೆದು ತಿಳಿಸಿದರೆ ಅವರು ಮತ್ತೆ ಪರಿಶೀಲಿಸಿ ಸರಿಮಾಡಲೇಬೇಕು. ಕಾಗದ ಹೇಗೆ ಬರೆಯಬೇಕು ಅಂತ ವರ್ಲೀನ್ ಹೇಳಿದಳು, ಹೋಬರ್ಟನ ಡಾರ್ಸಿ ತನ್ನ ಕೈಯಾರೆ ಬರೆದ.

ಕಚೇರಿಯಿಂದ ಇಬ್ಬರೂ ಒಟ್ಟಿಗೇ ಹೊರಟರು. ಎದುರಿನ ಹೋಟೆಲಿನ ಗಾಜಿನಾಚೆ ಅವರು ಬೇಯಿಸಿದ ಹುರುಳಿಕಾಯಿ ಬೀಜದ ಸಾರಿಗೆ ಮೆಕ್ಕೆಜೋಳದ ರೊಟ್ಟಿ ಪುಡಿಮಾಡಿ ಹಾಕಿಕೊಂಡು ತಿನ್ನುತ್ತಿದ್ದುದು ನನ್ನ ಕಿಟಕಿಗೆ ಕಾಣುತ್ತಿತ್ತು. ಮೊದಲು ತಲೆ ತಗ್ಗಿಸಿಕೊಂಡು ತಿಂದರು. ಎರಡನೇ ಬಟ್ಟಲು ಬರುವ ಹೊತ್ತಿಗೆ ಗುಂಡಗಿನವನು ಕೈಯಾಡಿಸಿ ಏನೋ ಹೇಳುತ್ತಿದ್ದ. ಬೋಳುತಲೆಯವನು ಮೇಜು ಗುದ್ದಿ ನಗುತ್ತಿದ್ದ.

ಮುಂದಿನ ವಾರ ಹೋಬರ್ಟನ ಡಾರ್ಸಿ ವೃದ್ಧರ ಮನೆಯ ಕೆಲಸಕ್ಕೆ ಸೇರಿದ. ಮೇಲ್ವಿಚಾರಕಿ ತಾನೇ ಫೋನ್ ಮಾಡಿ ಕ್ಷಮೆ ಕೇಳಿದಳಂತೆ. ಅಲ್ಲಿನ ಅಜ್ಜಿಯರಿಗೆ ಅವನೆಂದರೆ ಪ್ರಾಣ. ಕೆಡದಿರುವ ನಲ್ಲಿಯನ್ನೂ ಕೆಟ್ಟಿದೆ ಅಂತ ಕರೆಸುತ್ತಾರೆ.

ಕ್ಲೈಡನ ಡಾರ್ಸಿಯ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವರ್ಲೀನ್ ಅವನಿಗೆ ಇನ್ನೊಂದು ಮಾತು ಹೇಳಿದ್ದಳು. ಅಂಥ ಒಂದೇ ಒಂದು ಹಳೇ ಕೇಸಿದ್ದು, ಶಿಕ್ಷೆ ಮುಗಿದು ವರ್ಷಗಳೇ ಆಗಿದ್ದರೆ, ಅಳಿಸಿಕೊಡಿ ಅಂತ ಕೋರ್ಟಿಗೆ ಅರ್ಜಿ ಕೊಡಬಹುದು.

"ನಂಗ್ಯಾಕೆ? ಜೋಳದ ದಂಟೇನು ನನ್ನ ಕೇಸು ಕೇಳುತ್ತಾ?" ಅಂದಿದ್ದ.

ಅಷ್ಟರಲ್ಲಿ ಹೋಬರ್ಟನ ಡಾರ್ಸಿಯ ಮಗನಿಗೆ ಗಂಡುಮಗು ಹುಟ್ಟಿತು. ಅದಕ್ಕೂ ಡಾರ್ಸಿ ಅಂತಲೇ ಹೆಸರಿಟ್ಟರು, ನಮ್ಮ ಕಡೆಯವರಿಗೆ ಬುದ್ಧಿ ಬರುವುದಿಲ್ಲ. ತೊಟ್ಟಿಲು ನೋಡಿಬಂದ ಮೇಲೆ ಕ್ಲೈಡನ ಡಾರ್ಸಿ ನೇರ ನಮ್ಮ ಕಚೇರಿಗೆ ಬಂದು ಅರ್ಜಿ ಕೊಟ್ಟ. ಜಡ್ಜು ಸಹಿ ಹಾಕಿದರು. ಪುಸ್ತಕದಿಂದ ಹೆಸರು ತೆಗೆದೆವು. ಆ ಹಪ್ಪಳದಂಥ ಕಡತವನ್ನು ನಾನೇ ನಾಶ ಮಾಡಿದೆ. ಇವತ್ತು ಯಾರಾದರೂ ಕೌಂಟರಿಗೆ ಬಂದು ಕೇಳಿದರೆ ಅಂಥ ಕೇಸೇ ಇಲ್ಲ. ನಾನು ಇಲ್ಲಿ ಹೇಳುತ್ತಿರುವುದು ಅವನೇ ಹೋದಲ್ಲಿ ಬಂದಲ್ಲಿ ಬೆಕ್ಕುಗಳ ಸಮೇತ ಆ ಕಥೆಯನ್ನು ಹೇಳಿಕೊಂಡು ತಿರುಗುವುದರಿಂದ.

ಅರ್ಜಿ ಕೊಡಲು ಬಂದಾಗ ನನಗೊಂದು, ವರ್ಲೀನ್‌ಗೊಂದು ಜಾಡಿ ಜೋನಿಬೆಲ್ಲ ತಂದಿದ್ದ. ಸಹಿಯಾದ ದಿನವೂ ತಂದ. ಆಮೇಲೆ ಯಾವ ಕೆಲಸವೂ ಇಲ್ಲದಿದ್ದರೂ ಶುಕ್ರವಾರ ಶುಕ್ರವಾರ ತರತೊಡಗಿದ. ಸ್ವಲ್ಪ ಕಾಲಕ್ಕೆ ನನ್ನ ಜಾಡಿ ನಿಂತುಹೋಯಿತು, ಅವಳದು ಬರುತ್ತಲೇ ಇತ್ತು.

"ಏನೇ ಇದು?" ಅಂತ ಕೇಳಿದೆ.

"ಏನು ಏನು? ಬಿಸ್ಕತ್ತಿಗೆ ಹಾಕ್ಕೊಳ್ಳೋಕೆ," ಅಂದಳು. ಕಿವಿ ಕೆಂಪಾಗಿತ್ತು.

ಮದುವೆಯ ಮಾತು ಕೇಳಿ ನ್ಯಾಶ್‌ವಿಲ್‌ನಿಂದ ಟ್ರೀವಾ ಓಡಿಬಂದಳು. "ಚಿಕ್ಕಮ್ಮ, ಈ ವಯಸ್ಸಲ್ಲಿ! ಆ ಮನುಷ್ಯ ಯಾರು, ಏನು, ವಿಚಾರಿಸಿದ್ಯಾ?"

"ವಿಚಾರಿಸದೆ ಬಿಡ್ತೀನಾ? ನಾಲ್ಕು ಕೌಂಟಿಲಿ ನೋಡಿದೀನಿ. ಎಲ್ಲೂ ಏನೂ ಇಲ್ಲ."

ಟ್ರೀವಾ ನನ್ನ ಮುಖ ನೋಡಿದಳು. ನಾನು ಸರ್ಕಾರಿ ಗುಮಾಸ್ತೆ, ಏನು ಹೇಳಲಿ? "ಏನೂ ಇಲ್ಲ," ಅಂದೆ.

ಹಾಗಂತ ಅವಳಿಂದ ಮುಚ್ಚಿಡಲಿಲ್ಲ. ಅದೇ ಸಂಜೆ ಊಟಕ್ಕೆ ಕೂತಾಗ ಡಾರ್ಸಿಯೇ ಕಥೆ ಶುರುಮಾಡಿದ. ಟ್ರೀವಾ ಮೊದಲು ಚಿಕ್ಕಮ್ಮನನ್ನು ಗುರಾಯಿಸಿದಳು. ಹಳ್ಳದಲ್ಲಿ ಹಾಲು ಹರಿಯುವ ಹೊತ್ತಿಗೆ ಸೋತಳು. ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತ, "ಸರಿ, ಮಾಡ್ಕೊಳ್ಳಿ," ಅಂದಳು.

ಚರ್ಚಿನಲ್ಲಿ ಮದುವೆಯಾಯಿತು. ಹೋಬರ್ಟನ ಡಾರ್ಸಿ ಉಂಗುರ ಹಿಡಿದು ನಿಂತಿದ್ದ, ಅವನ ಹೆಂಡತಿ ಕೋಳಿ ಹುರಿದಿದ್ದಳು. ವೃದ್ಧರ ಮನೆಯಿಂದ ಒಂದು ವ್ಯಾನು ತುಂಬ ಅಜ್ಜಿಯರು ಬಂದಿದ್ದರು. ವರ್ಲೀನ್ ತನ್ನ ಬಟ್ಟೆಗೆ ಕಾಲರನ್ನು ತಾನೇ ಹೊಲಿದುಕೊಂಡಿದ್ದಳು.

ಈಗ ಅವಳು ಗುಡ್ಡದ ಆಚೆ ಇರುತ್ತಾಳೆ. ಗಾಣದ ಕಾಲದಲ್ಲಿ ಒಂದು ತಿಂಗಳು ಬರುವುದಿಲ್ಲ, ಉಳಿದಂತೆ ಮಂಗಳವಾರ, ಶುಕ್ರವಾರ ತಪ್ಪುವುದಿಲ್ಲ. ನನಗೆ ನಿವೃತ್ತಿಯಾದರೂ ಮನೆಯಲ್ಲಿ ಕೂರಲಾಗದೆ ಆ ದಿನಗಳಲ್ಲಿ ನಾನೂ ಹೋಗಿ ಅವಳ ಪಕ್ಕ ಕೂತು ಕಾಫಿ ಕುಡಿದು ಬರುತ್ತೇನೆ. ಹೋದ ವಾರ ಯಾವುದೋ ದೂರದ ಊರಿನ ಹೆಂಗಸೊಬ್ಬಳು ಬಂದು, ತನ್ನ ಅಜ್ಜ ಇಲ್ಲಿ ಕಳ್ಳಭಟ್ಟಿ ಕಾಸಿ ಸಿಕ್ಕಿಬಿದ್ದಿದ್ದನಂತೆ, ನಿಜವೋ ಸುಳ್ಳೋ ನೋಡಬೇಕು, ಹೇಗೆ ಅಂತ ಹೊಸ ಗುಮಾಸ್ತೆಯನ್ನು ಕೇಳಿದಳು. ವರ್ಲೀನ್ ತನ್ನ ಕೋಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಬೆಂಚಿನ ಮೇಲೆ ಆಚೆ ಸರಿದಳು.

"ಬಾರಮ್ಮ, ಕೂತ್ಕೋ. ಅಜ್ಜನ ಪೂರ್ತಿ ಹೆಸರು ಹೇಳು. ಅವನ ಹೆಸರು ಇಟ್ಕೊಂಡಿರೋರು ಇನ್ಯಾರ‍್ಯಾರು ಇದಾರೆ, ಅದನ್ನೂ ಹೇಳು."